ಕರಿ ಹಣ್ಣು, ಬಿಳಿ ಹಣ್ಣು

ಈಗ ಪೇಟೆಯಲ್ಲಿ ಕವಳಿ ಹಣ್ಣನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮಾರುವುದನ್ನು ಕಂಡರೆ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಡಬ್ಬಿಯ ಮೇಲೆ ಅದರ ಗುಣಗಾನ ಬೇರೆ: ರಕ್ತಕ್ಕೆ ಒಳ್ಳೆಯದು, ಹೊಟ್ಟೆಗೆ ಒಳ್ಳೆಯದು, ಚರ್ಮದ ಕಾಂತಿಗೆ ಒಳ್ಳೆಯದು. ಮುಳ್ಳುಪೊದೆಯೊಳಗೆ ಕೈ ತೂರಿಸಿ, ತರಚಿಸಿಕೊಂಡು, ಕಿತ್ತ ಹಣ್ಣನ್ನು ಲಂಗಕ್ಕೆ ಒರೆಸಿ, ಬಿಸಿಲಿನ ಬಿಸಿ ಆರುವ ಮೊದಲೇ ಬಾಯಿಗೆ ಹಾಕಿಕೊಳ್ಳದವರಿಗೆ ಅದರ ರುಚಿ ಏನು ಮಣ್ಣು ಗೊತ್ತಾಗಬೇಕು? ಆದರೆ ‘ಚರ್ಮದ ಕಾಂತಿ’ ಎಂಬ ಮಾತು ಓದಿದ ಕೂಡಲೇ ನನ್ನ ನಗು ನಿಂತುಹೋಗುತ್ತದೆ. ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ಈ ಕಪ್ಪು ಹಣ್ಣು ತಿಂದರೆ ಹುಟ್ಟುವ ಮಗು ಕಪ್ಪಾಗುತ್ತದೆ ಎಂದು ನಂಬಿಕೊಂಡು ನನ್ನ ಶೋಭತ್ತೆ, ಅಪ್ಪನ ಒಬ್ಬಳೇ ತಂಗಿ, ನಮ್ಮ ಕಣ್ಣೆದುರೇ ಜೀವ ಕಳೆದುಕೊಳ್ಳಲು ಹೊರಟಿದ್ದಳು. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ನೆಮ್ಮದಿಯಿಂದ ಒಂದು ತುತ್ತು ಉಂಡದ್ದು ನನಗೆ ನೆನಪಿಲ್ಲ.

ನಮ್ಮ ಮನೆ ಇದ್ದದ್ದು ಅಮದಳ್ಳಿಯಲ್ಲಿ. ಎದುರಿಗೆ ಸಮುದ್ರ, ಬೆನ್ನಿಗೆ ಗುಡ್ಡ, ನಡುವೆ ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿ. ಹಂಚಿನ ಮನೆ, ತಗ್ಗಾದ ಬಾಗಿಲುಗಳು. ಜಗಲಿಯ ತೊಲೆಗೆ ಹಳೆಯ ಬಲೆಗಳು ಜೋತುಬಿದ್ದಿರುತ್ತಿದ್ದವು. ಹೊಸದಾಗಿ ಬಂದವರ ತಲೆಗೆ ಅವು ಸಿಕ್ಕಿಕೊಳ್ಳದೆ ಬಿಡುತ್ತಿರಲಿಲ್ಲ. ನಡುಮನೆಯಲ್ಲಿ ದೇವರ ಫೋಟೋಗಳ ಪಕ್ಕದಲ್ಲೇ ಟಿವಿ, ಎರಡಕ್ಕೂ ಸೇರಿ ಒಂದೇ ಬಲ್ಬಿನ ಸರ. ಹಿತ್ತಲಿನಲ್ಲಿ ಒಣಮೀನಿನ ಚಾಪೆ, ಅದರ ಕಾವಲಿಗೆ ಕೋಲು ಹಿಡಿದ ನಾನು. ಅಪ್ಪ ದೊಡ್ಡ ಬೋಟಿನಲ್ಲಿ ಕಡಲಿಗೆ ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲವಾದ್ದರಿಂದ ಅದು ಹೆಂಗಸರ ಮನೆ. ಆಯಿ, ಅಂದರೆ ನನ್ನ ತಾಯಿ, ಬೆಳಗಾಗುತ್ತಲೇ ಮೀನುಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೊರಟುಬಿಡುತ್ತಿದ್ದಳು. ಪೇಟೆಯಲ್ಲಿ ಗಿರಾಕಿಗಳ ಜೊತೆ ಮಾಡಿದ ಜಗಳ ಸಾಲದೆಂಬಂತೆ ಮಧ್ಯಾಹ್ನ ಬಂದು ಅಜ್ಜಿಯ ಜೊತೆಗೂ ಮಾಡುತ್ತಿದ್ದಳು. ಅಜ್ಜಿಯೂ ಕಡಿಮೆಯವಳಲ್ಲ. ಸಾರಿಗೆ ಹುಳಿ ಹೆಚ್ಚಾಯಿತು, ನೀರಿನ ಬಿಂದಿಗೆ ಸರಿಯಾಗಿ ಮುಚ್ಚಲಿಲ್ಲ, ಯಾವುದಾದರೂ ಆಗುತ್ತಿತ್ತು. ಅವರಿಬ್ಬರೂ ಜಗಳವಾಡದ ದಿನ ನನಗೆ ಯಾರಿಗೋ ಹುಷಾರಿಲ್ಲವೇನೋ ಎಂದು ಅನುಮಾನವಾಗುತ್ತಿತ್ತು.

ವರ್ಷದಲ್ಲಿ ಅವರು ರಾಜಿಯಾಗುತ್ತಿದ್ದ ಕಾಲವೆಂದರೆ ಬೇಸಿಗೆಯ ಹಣ್ಣಿನ ಕಾಲ. ಬಿಸಿಲು ಇಳಿಯುತ್ತಿದ್ದ ಹಾಗೆ ಮೂವರೂ ಬುಟ್ಟಿ ಹಿಡಿದು ಮನೆಯ ಹಿಂದಿನ ಗುಡ್ಡ ಹತ್ತುತ್ತಿದ್ದೆವು. ಗುಡ್ಡದಲ್ಲಿ ಎರಡು ಬಗೆಯ ಹಣ್ಣು. ಒಂದು ಕವಳಿ: ಕಡುಗಪ್ಪು, ಬೆರಳ ತುದಿಯಷ್ಟು ಗಾತ್ರ, ಹುಳಿಯೊಳಗೆ ಸಿಹಿ. ತೊಟ್ಟು ಕಿತ್ತರೆ ಬಿಳಿಯ ಹಾಲು ಒಸರಿ ತುಟಿಗೆ ತುಟಿ ಅಂಟಿಕೊಳ್ಳುತ್ತದೆ. ಇನ್ನೊಂದು ಬಿಳಿಮುಳ್ಳು ಹಣ್ಣು: ಹೆಸರಿಗೆ ತಕ್ಕಂತೆ ಮೈಯೆಲ್ಲ ಬಿಳಿ, ಹಿಟ್ಟುಹಿಟ್ಟಾದ ಸಪ್ಪೆ ಸಿಹಿ, ನಡುವೆ ಒಂದೇ ಬೀಜ. ಎರಡಕ್ಕೂ ಮುಳ್ಳಿನ ಕಾವಲು. ಅಜ್ಜಿ ಕತ್ತಿಯ ಬೆನ್ನಿನಿಂದ ಕೊಂಬೆ ಎತ್ತಿಹಿಡಿದರೆ ನಾನು ಕೆಳಗೆ ನುಸುಳಿ ಕೀಳುತ್ತಿದ್ದೆ. ಕಿತ್ತದ್ದರಲ್ಲಿ ಅರ್ಧ ಬುಟ್ಟಿಗೆ, ಅರ್ಧ ಬಾಯಿಗೆ. ನಾಲಿಗೆ ನೇರಳೆ ಬಣ್ಣ, ಹಲ್ಲು ಚುಳ್ಳೆನ್ನುವಷ್ಟು ಹುಳಿ. ಆದರೂ ಕೈ ನಿಲ್ಲುತ್ತಿರಲಿಲ್ಲ. ಆಯಿ ಮಾತ್ರ ಗುಡ್ಡದ ಮೇಲೆ ಪೇಟೆಯ ಗಂಟಲು ಬಿಟ್ಟು ಮೆತ್ತಗೆ ಮಾತಾಡುತ್ತಿದ್ದಳು. ಅಜ್ಜಿ ಕೊಂಬೆ ಹಿಡಿದುಕೊಂಡೇ ನನಗೆ ಹೇಳುತ್ತಿದ್ದಳು:

“ತಿನ್ನೆ, ತಿನ್ನು. ಈಗ ತಿಂದದ್ದು ಮಳಗಾಲದಲ್ಲಿ ಮೈಗೆ ಬತ್ತದೆ. ಆಮೇಲೆ ಜ್ವರ, ಕೆಮ್ಮು ಹೇಳಿ ನನ್ ಸೆರಗ ಹಿಡ್ಕಂಡ್ ಅಳೂದಲ್ಲ ಕಾಣು.”

ಮೊದಲ ಮಳೆ ಬೀಳುವವರೆಗೆ ಮಾತ್ರ ಈ ಸುಖ. ಮಳೆ ಬಿದ್ದ ಮೇಲೆ ಕವಳಿ ಹಣ್ಣಿಗೆ ಹುಳ ಬೀಳುತ್ತದೆ, ಆಮೇಲೆ ನಮ್ಮವರು ಯಾರೂ ಮುಟ್ಟುವುದಿಲ್ಲ. ಹಾಗಾಗಿ ಉಳಿದ ಕಾಯಿಯನ್ನೆಲ್ಲ ಉಪ್ಪು ನೀರಿನಲ್ಲಿ ಹಾಕಿ ಭರಣಿ ತುಂಬುವುದು, ಮೀನಿಲ್ಲದ ಮಳೆಗಾಲದಲ್ಲಿ ಗಂಜಿಗೆ ನಂಚಿಕೊಳ್ಳುವುದು.

ಶೋಭತ್ತೆಯನ್ನು ಕೊಟ್ಟದ್ದು ಚಿತ್ತಾಕುಲದ ದಿನೇಶಮಾವನಿಗೆ, ಕಾಳಿ ನದಿಯ ಸೇತುವೆಯ ಆಚೆ. ಮದುವೆಯಾಗಿ ಎರಡನೇ ವರ್ಷದಲ್ಲಿ ಬಸುರಿಯಾದಳು. ಏಳನೇ ತಿಂಗಳಲ್ಲಿ ಗಂಡನ ಮನೆಯಲ್ಲಿ ಬಯಕೆ ಊಟ. ಅಜ್ಜಿ ಮಗಳಿಗೆ ಏನು ಇಷ್ಟವೆಂದು ನೆನೆದು ಹಿಂದಿನ ವರ್ಷದ ಉಪ್ಪಿನ ಕವಳಿಯನ್ನು ಸಣ್ಣ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಎಲೆಯ ತುದಿಗೆ ತಾನೇ ಬಡಿಸಿದಳು. ಅತ್ತೆಯ ಅತ್ತೆ, ನಾವೆಲ್ಲ ಚಿತ್ತಾಕುಲದಮ್ಮ ಎನ್ನುತ್ತಿದ್ದವರು, ಬಗ್ಗಿ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಟ್ಟರು.

“ಕರೀದು ಬೇಡ ಶೋಭಾ. ನಮ್ ದಿನೇಶ ಹೆಂಗ್ ಬೆಳ್ಳಗಿದ್ದಾನೆ, ಕಾಣ್ತೆ ಅಲಾ? ಬಿಳೀದು ತಿನ್ನು, ಹಾಲು ಕುಡಿ. ನಾಳೆ ಹೆಣ್ಣು ಹುಟ್ಟಿ ಕಪ್ಪಾದ್ರೆ ನಿಂಗೇ ತ್ರಾಸು.”

ನಗುತ್ತಲೇ ಹೇಳಿದರು. ಕೂತ ಹೆಂಗಸರೆಲ್ಲ ನಕ್ಕರು, ಶೋಭತ್ತೆಯೂ ನಕ್ಕಳು. ಅಜ್ಜಿ ಮಾತ್ರ ಡಬ್ಬಿಯ ಮುಚ್ಚಳ ಹಾಕಿ ಸೆರಗಿನೊಳಗೆ ಇಟ್ಟುಕೊಂಡಳು. ನಾನು ಅತ್ತೆಯ ಪಕ್ಕದ ಎಲೆಗೆ ಕೂತಿದ್ದೆ. ಅಜ್ಜಿ, ಅಪ್ಪ, ಅತ್ತೆ, ನಾನು ನಾಲ್ವರದೂ ಒಂದೇ ಬಣ್ಣ, ಬಿಸಿಲಿಗೆ ಬೆಂದ ಕಪ್ಪು. ಅಲ್ಲಿಯವರೆಗೆ ನಾನು ಅದನ್ನು ಬಣ್ಣವೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆ ದಿನ ಪಾಯಸ ಉಣ್ಣುತ್ತಾ ನನ್ನ ಕೈಯನ್ನು ಮೊದಲ ಸಲ ತಿರುಗಿಸಿ ತಿರುಗಿಸಿ ನೋಡಿಕೊಂಡೆ.

ಅತ್ತೆಯನ್ನು ಚೊಚ್ಚಲ ಹೆರಿಗೆಗೆ ಕರೆದುಕೊಂಡು ಬಂದೆವು. ನಡುಮನೆಯ ಪಕ್ಕದ ಸಣ್ಣ ಕೋಣೆಯಿಂದ ಬಲೆ, ಹಗ್ಗ, ಬೆಂಡು ಎಲ್ಲ ಹೊರಗೆ ಹಾಕಿ ಅವಳಿಗೆ ಹಾಸಿಗೆ ಮಾಡಿಕೊಟ್ಟರು. ಬಂದ ಮಾರನೆಯ ದಿನದಿಂದಲೇ ಅವಳ ವ್ರತ ಶುರುವಾಯಿತು. ಕೆಂಪು ಕುಚಲಕ್ಕಿಯ ಗಂಜಿ ಬೇಡ, ರೇಷನ್ನಿನ ಬಿಳಿ ಅನ್ನವೇ ಬೇಕು. ಬಂಗಡೆಯ ಬೆನ್ನು ಕಪ್ಪು, ಬೇಡ. ಬಂಡೆಗೆ ಅಂಟಿದ ಚಿಪ್ಪಿನ ಮಾಂಸ ಅವಳಿಗೆ ಪ್ರಾಣ. ಆದರೆ ಚಿಪ್ಪು ಕಪ್ಪು, ಅದೂ ಬೇಡ. ಬೆಲ್ಲ ಬೇಡ, ಸಕ್ಕರೆ ಬೇಕು. ತೆಂಗಿನ ಹಾಲು, ಮಜ್ಜಿಗೆ, ಬಿಳಿ ಅನ್ನ. ಗುಡ್ಡದಿಂದ ನಾವು ಎರಡು ಬುಟ್ಟಿ ತಂದರೆ ಕವಳಿಯ ಬುಟ್ಟಿಯತ್ತ ಮುಖವನ್ನೂ ತಿರುಗಿಸದೆ ಬಿಳಿಮುಳ್ಳು ಹಣ್ಣನ್ನು ಮಾತ್ರ ಒಂದೊಂದಾಗಿ ಆರಿಸಿ ತಿನ್ನುತ್ತಿದ್ದಳು. ಅದರಲ್ಲೂ ಕಂದು ಚುಕ್ಕೆ ಬಿದ್ದದ್ದು ಬೇಡ. ಆಯಿಗೆ ಮೈಯೆಲ್ಲ ಉರಿ. ನನ್ನನ್ನು ಹೆರುವಾಗ ರಕ್ತ ಹೋಗಿ ಆಯಿ ಸತ್ತು ಬದುಕಿದವಳು, ಅವಳಿಗೆ ಈ ಆಟ ಸಹಿಸಲಾಗುತ್ತಿರಲಿಲ್ಲ.

ಅದಕ್ಕೆ ಸರಿಯಾಗಿ ಕಬ್ಬಿಣದ ಗುಳಿಗೆ ಬಂದವು. ಊರಿನ ನರ್ಸಬಾಯಿ ಸ್ಕೂಟಿಯಲ್ಲಿ ಮನೆಮನೆಗೆ ಬಂದು ಬಸುರಿಯರಿಗೆ ಕೊಡುತ್ತಿದ್ದ ಕೆಂಪು ಗುಳಿಗೆ. ಅತ್ತೆ ಮೊದಲೆರಡು ದಿನ ನುಂಗಿದಳು. ಮೂರನೇ ದಿನ ಬೆಳಗ್ಗೆ ಸಂಡಾಸಿನಿಂದ ಬಂದವಳ ಮುಖ ನೋಡುವಂತಿರಲಿಲ್ಲ. ಆಯಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಆಯಿ ಹೊಟ್ಟೆ ಹಿಡಿದು ನಕ್ಕಳು.

“ಅದು ಗುಳ್ಗೆಯ ಗುಣ ಮಾರಾಯ್ತಿ! ಯೆಲ್ಲರಿಗೂ ಕರಿಯಾಗೇ ಹೋಗೂದು. ನಂಗೂ ಹಂಗೇ ಆಗಿತ್ತು.”

“ಹೊರಗೆ ಹೋದದ್ದೇ ಇಷ್ಟ್ ಕಪ್ಪಿದ್ರೆ ವೈನಿ, ಒಳಗೆ ಉಳ್ದದ್ದು ಯೆಷ್ಟ್ ಕಪ್ಪಿರೂದಿಲ್ಲ?”

ಅತ್ತಿಗೆಯನ್ನು ಅವಳು ವೈನಿ ಎನ್ನುತ್ತಿದ್ದಳು. ಹೀಗೆ ಕೇಳುವಾಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಆಯಿಗೆ ಅದು ಗೊತ್ತಾಗಲಿಲ್ಲ. ನಗುತ್ತಲೇ ಬುಟ್ಟಿ ಎತ್ತಿಕೊಂಡು ಪೇಟೆಗೆ ಹೋದಳು.

ನರ್ಸಬಾಯಿ ಮುಂದಿನ ಸಲ ಬಂದಾಗ ಅತ್ತೆಯನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ಒತ್ತಿ ನೋಡಿದರು, ನಾಲಿಗೆ ತೆಗೆಸಿದರು. ನಾನು ಅವರ ತೋಳಿನ ಅಡಿಯಿಂದ ಇಣುಕಿದೆ. ರೆಪ್ಪೆಯ ಒಳಗೆ ಕೆಂಪೇ ಇರಲಿಲ್ಲ, ಸುಣ್ಣ ಬಳಿದ ಹಾಗಿತ್ತು. ಕೆನ್ನೆಯ ಕಪ್ಪು ಹಾಗೇ ಇತ್ತು, ಬಿಳುಪೆಲ್ಲ ಒಳಗೆ.

“ಗುಳ್ಗೆ ತಕಳ್ತಾ ಇದ್ದೀಯಾ?”

“ಹ್ಞೂಂ.”

“ಚಾ ಜೊತೆ ನುಂಗ್ಬೇಡ, ಮೈಗೆ ಹತ್ತೂದಿಲ್ಲ. ಹುಳಿ ಹಣ್ಣಿನ ಜೊತೆ ನುಂಗು. ನಿಂಬೆ, ನೆಲ್ಲಿ, ನಿಮ್ಮ ಗುಡ್ಡದ ಕವಳಿ, ಯಾವ್ದಾದ್ರೂ ಆಗ್ತದೆ.”

ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಕೇಳ್ಕಣೆ ಶೋಭಾ! ನಾ ಹೇಳ್ದ್ರೆ ಹಳೇ ಕಾಲದ್ದು. ಈಗ ಬಾಯಿಯೋರೇ ಹೇಳ್ತಾ ಇದ್ದಾರೆ, ಕವಳಿ ತಿನ್ನು ಹೇಳಿ.”

“ಅಜ್ಜಿ, ಹಣ್ಣೊಂದೇ ಸಾಕಾಗೂದಿಲ್ಲ, ಗುಳ್ಗೆ ಬೇಕೇ ಬೇಕು. ಮೈಯಲ್ಲಿ ರಕ್ತ ಹಿಂಗೇ ಕಮ್ಮಿ ಇದ್ರೆ ಹೆರಿಗೇಲಿ ಸ್ವಲ್ಪ ರಕ್ತ ಹೋದ್ರೂ ಇವ್ಳು ತಡ್ಕಳೂದಿಲ್ಲ. ನಿಮ್ಗೆ ಹೆದ್ರಿಸೂಕೆ ಹೇಳೂದಲ್ಲ ನಾನು.”

ಹೆದರಿಸಲು ಅಲ್ಲ ಎಂದರೂ ನಾವು ಹೆದರಿದೆವು. ಅಜ್ಜಿಯ ಕೈ ಸೊಂಟದಿಂದ ಇಳಿಯಿತು. ಅತ್ತೆ ಮಾತ್ರ ತಲೆ ತಗ್ಗಿಸಿ ಗುಳಿಗೆಯ ಹೊಸ ಹಾಳೆಯನ್ನು ಸೆರಗಿಗೆ ಕಟ್ಟಿಕೊಂಡು ಕೋಣೆಗೆ ಹೋದಳು.

ಪಾತ್ರೆ ತಿಕ್ಕಲು ಬಚ್ಚಲ ಒಲೆಯಿಂದ ಬೂದಿ ತರುವುದು ನನ್ನ ಕೆಲಸ. ಎರಡು ದಿನ ಬಿಟ್ಟು ಬೂದಿ ಬಾಚುವಾಗ ಕೈಗೆ ಗಟ್ಟಿಯಾದದ್ದು ಸಿಕ್ಕಿತು. ಊದಿ ನೋಡಿದರೆ ಗುಳಿಗೆ. ಇನ್ನೂ ಕೆದಕಿದರೆ ಇನ್ನಷ್ಟು, ಕೆಲವು ಸುಟ್ಟು ಕರಕಲಾದವು, ಕೆಲವು ಇನ್ನೂ ಕೆಂಪಗಿದ್ದವು. ನಾನು ಗುಟ್ಟು ಇಟ್ಟುಕೊಳ್ಳುವ ಜಾತಿಯ ಹುಡುಗಿಯಲ್ಲ. ಬೂದಿಯ ಕೈಯಲ್ಲೇ ಅಡುಗೆಮನೆಗೆ ಓಡಿ ಊಟಕ್ಕೆ ಕೂತವರ ನಡುವೆ ಅದನ್ನು ಸುರಿದೆ. ಆಯಿ ಅದನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಕೈಯಲ್ಲಿದ್ದ ಸೌಟು ನೆಲಕ್ಕೆ ಬಡಿದ ಸದ್ದಿಗೆ ಬೆಕ್ಕು ಹಿತ್ತಲಿಗೆ ಹಾರಿತು.

“ಬಿಳಿ ಆಗ್ಬೇಕಾಗಿತ್ತಲ್ಲ ನಿಂಗೆ? ಆಗಿದ್ದೆ ಕಾಣು! ಕಣ್ಣು ಬಿಳಿ, ನಾಲ್ಗೆ ಬಿಳಿ, ಉಗ್ರು ಬಿಳಿ. ಇನ್ನು ಬಿಳಿ ಬಟ್ಟೆ ಒಂದ್ ಹೊದ್ಸೂದು ಬಾಕಿ!”

“ಅಮಂಗಳ ಆಡ್ಬೇಡ್ವೆ!” ಎಂದು ಅಜ್ಜಿ ಚೀರಿದಳು.

“ನಾ ಆಡೂದಲ್ಲ ಅತ್ತೆ, ನಿಮ್ ಮಗಳು ಮಾಡ್ತಾ ಇದ್ದಾಳೆ! ಸಾಯೂದಾರೆ ಗಂಡನ ಮನೇಲಿ ಸಾಯ್ಲಿ, ನನ್ ಕಣ್ಣೆದುರು ಬೇಡ.”

ಅತ್ತೆ ಅಷ್ಟರವರೆಗೆ ಬಿಳಿ ಅನ್ನದ ತಟ್ಟೆಯನ್ನೇ ನೋಡುತ್ತಿದ್ದಳು. ಈಗ ತಲೆ ಎತ್ತಿದಳು. ಅವಳ ಕಣ್ಣು ನನ್ನ ಮೇಲೆ ಬಿತ್ತು.

“ನಿಂಗೆ ಹೇಳೂಕೆ ಸುಲಭ ವೈನಿ. ಮದ್ವೆಗೆ ಮೊದ್ಲು ನನ್ನ ಯೆಷ್ಟ್ ಜನ ಕಂಡ್ಕಂಡ್ ಹೋದ್ರು, ಯೆಂತಕೆ ಬೇಡ ಅಂದ್ರು, ಎಲ್ಲಾ ಗೊತ್ತಿಲ್ವಾ? ಈಗ ಹುಟ್ಟೂದೂ ಹೆಣ್ಣಾಗಿ, ಈ ಮಾಲೂನಂಗೇ ಆದ್ರೆ ಯೆಂತ ಮಾಡೂದು?”

ಮಾಲು ಎಂದರೆ ನಾನು. ಯಾರೂ ಏನೂ ಹೇಳಲಿಲ್ಲ. ಹೇಳಬೇಕಿತ್ತು. ‘ಮಾಲುಗೆ ಏನಾಗಿದೆ’ ಎಂದು ಆಯಿಯಾದರೂ, ಅಜ್ಜಿಯಾದರೂ ಕೇಳಬೇಕಿತ್ತು. ಆ ಹೊತ್ತಿಗೆ ಅವರಿಗೆ ಅತ್ತೆಯ ಜೀವದ ಚಿಂತೆ, ನನ್ನ ಬಣ್ಣದ ಚಿಂತೆ ಯಾರಿಗಿತ್ತು? ನಾನು ಹಿತ್ತಲ ಬಾಗಿಲಿನಿಂದ ಹೊರಬಿದ್ದು ಒಬ್ಬಳೇ ಗುಡ್ಡ ಹತ್ತಿದೆ. ಸುಡುಬಿಸಿಲು, ಕಾಲಿಗೆ ಚಪ್ಪಲಿಯಿಲ್ಲ. ಕವಳಿಯ ಪೊದೆಗೆ ಕೈ ಹಾಕಿ ಸಿಕ್ಕಷ್ಟನ್ನು ಬಾಯಿಗೆ ತುರುಕಿಕೊಂಡೆ. ಇನ್ನೂ ಕಪ್ಪಾಗಲಿ, ಪೂರ್ತಿ ಕಪ್ಪಾಗಲಿ, ಏನು ಮಾಡುತ್ತಾರೋ ನೋಡೋಣ ಎಂಬ ಹಟ. ಅಳುತ್ತಾ ತಿಂದರೂ ಹಣ್ಣಿನ ರುಚಿ ಕೆಡಲಿಲ್ಲ ಎಂಬುದೇ ಆ ದಿನದ ದೊಡ್ಡ ಆಶ್ಚರ್ಯ. ಹುಳಿ ಮೊದಲು ಬಂತು, ಸಿಹಿ ನಿಧಾನಕ್ಕೆ ಹಿಂದಿನಿಂದ. ತಿಂದು ತಿಂದು ಅಳು ತಾನಾಗಿ ನಿಂತಿತು. ಕೆಳಗೆ ಸಮುದ್ರದ ತುದಿಯಲ್ಲಿ ಮೋಡ ಕಟ್ಟಿಕೊಳ್ಳುತ್ತಿತ್ತು. ಮಳೆ ಬಂದರೆ ಹಣ್ಣು ಮುಗಿಯಿತು, ಹಣ್ಣು ಮುಗಿದರೆ ಅತ್ತೆ ತಿನ್ನುವುದು ಯಾವಾಗ ಎಂದು ಹೊಳೆಯಿತು. ಅವಳ ಮೇಲೆ ಅಷ್ಟು ಸಿಟ್ಟಿದ್ದೂ ಈ ಯೋಚನೆ ಯಾಕೆ ಬಂತೋ, ನನಗೆ ನನ್ನ ಮೇಲೇ ರೇಗಿತು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಮಾತೇ ಇಲ್ಲ. ಆಯಿ ದಿನಕ್ಕೊಂದು ಗುಳಿಗೆ ತಾನೇ ತಂದು ಅತ್ತೆಯ ಎದುರು ನಿಂತು ನುಂಗಿಸುತ್ತಿದ್ದಳು. ಅತ್ತೆ ನುಂಗಿ, ಆಯಿ ಆಚೆ ಹೋದದ್ದೇ ಬಚ್ಚಲಿಗೆ ಹೋಗಿ ವಾಂತಿ ಮಾಡಿ ಬರುತ್ತಿದ್ದಳು. ಬೆರಳು ಹಾಕಿಕೊಳ್ಳುತ್ತಿದ್ದಳೋ, ತಾನಾಗಿ ಬರುತ್ತಿತ್ತೋ ದೇವರೇ ಬಲ್ಲ. ಎದ್ದರೆ ಗೋಡೆ ಹಿಡಿಯುತ್ತಿದ್ದಳು. ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ಕಣ್ಣುಕತ್ತಲೆ ಬಂದು ಕುಸಿದಳು. ಅಜ್ಜಿ ಹಿಡಿಯದಿದ್ದರೆ ಕಲ್ಲಿಗೆ ಬೀಳುತ್ತಿದ್ದಳು. ಆ ದಿನದಿಂದ ಅವಳು ನಿಂತರೂ ಕೂತರೂ ಯಾರಾದರೊಬ್ಬರ ಕಣ್ಣು ಅವಳ ಮೇಲಿರುತ್ತಿತ್ತು. ಅಜ್ಜಿ ಮಾತ್ರ ದಿನವೂ ಕವಳಿಯ ಬುಟ್ಟಿಯನ್ನು ಕೋಣೆಯ ಬಾಗಿಲಲ್ಲೇ ಇಡುತ್ತಿದ್ದಳು, ಸಂಜೆ ಹಾಗೇ ಎತ್ತುತ್ತಿದ್ದಳು.

ಅಂಥ ಒಂದು ದಿನ ಚಿತ್ತಾಕುಲದಮ್ಮ ಸೊಸೆಯನ್ನು ನೋಡಲು ಬಂದರು. ಎರಡು ಬಸ್ಸು ಬದಲಿಸಿ, ಬೆವರಿ, ಜಗಲಿಯ ಬಲೆಗೆ ತಲೆ ಸಿಕ್ಕಿಸಿಕೊಂಡು, “ಯೆಂತಾ ಸೆಕೆ ಮಾರಾಯ್ತಿ” ಎನ್ನುತ್ತಾ ಕಂಬಕ್ಕೆ ಒರಗಿ ಕೂತರು. ಸೊಸೆಗೆ ಹಾಲಿನಲ್ಲಿ ಹಾಕಲು ಒಂದು ಚಿಟಿಕೆ ಕೇಸರಿ ತಂದಿದ್ದರು. ಅಜ್ಜಿ ಮೊರದಂಥ ಗೆರಸಿಯಲ್ಲಿ ಕವಳಿ ಹರಡಿಕೊಂಡು ಹಣ್ಣು ಒಂದು ಕಡೆ, ಉಪ್ಪಿಗೆ ಹಾಕುವ ಕಾಯಿ ಒಂದು ಕಡೆ ಮಾಡುತ್ತಿದ್ದಳು. ಸಿಟ್ಟಿಗೋ ಏನೋ, ಬೀಗಿತ್ತಿ ಬಂದರೂ ಗೆರಸಿ ಎತ್ತಿಡಲಿಲ್ಲ. ಆಯಿ ಒಳಗೆ ಚಾ ಇಟ್ಟಿದ್ದಳು. ಅತ್ತೆ ಕೋಣೆಯಲ್ಲಿ ಮಲಗಿದ್ದಳು, ಬಾಗಿಲು ತೆರೆದೇ ಇತ್ತು. ಚಿತ್ತಾಕುಲದಮ್ಮ ಬಸ್ಸಿನ ಕಥೆ ಹೇಳುತ್ತಾ ಹೇಳುತ್ತಾ ಗೆರಸಿಗೆ ಕೈ ಹಾಕಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಇನ್ನೊಂದು ಹಾಕಿಕೊಂಡರು. ಆಮೇಲೆ ಬಸ್ಸಿನ ಕಥೆ ಅಲ್ಲೇ ಬಿಟ್ಟು ಹಿಡಿಹಿಡಿಯಾಗಿ ಶುರು ಮಾಡಿದರು.

“ಅಯ್ಯೋ ದೇವ್ರೇ, ಯೆಷ್ಟ್ ವರ್ಷ ಆಯ್ತು! ನಮ್ ಕಡೆ ಗುಡ್ಡದ್ಮೇಲೆಲ್ಲಾ ಮನೆ ಆಗೋಯ್ತು. ದಿನೇಶ ಹೊಟ್ಟೇಲಿದ್ದಾಗ ನಂಗೆ ಇದ್ರದ್ದೇ ಹುಚ್ಚು ಕಾಣಿ. ಅತ್ತೆ ಕಂಡ್ರೆ ಬೈತ್ರು ಹೇಳಿ ನೀರಿಗೆ ಹೋದಾಗ ಕೊಡದಲ್ಲಿ ಹಾಕ್ಕಂಡ್ ಬಂದು ಬಚ್ಚಲಲ್ಲಿ ಕೂತ್ಕಂಡ್ ತಿಂತಿದ್ದೆ. ಒಂದ್ ದಿನ ಬಿಡ್ಲಿಲ್ಲ!”

ಹೇಳುತ್ತಾ ನಕ್ಕರು. ನಕ್ಕಾಗ ಹಲ್ಲು, ತುಟಿ, ನಾಲಿಗೆ ಎಲ್ಲ ನೇರಳೆ. ಬೆಳ್ಳಗಿನ ಮುಖಕ್ಕೆ ಅದು ಎದ್ದು ಕಾಣುತ್ತಿತ್ತು. ನಾನು ಎದುರಿಗೇ ಕೂತಿದ್ದೆ. ಕೇಳಬಾರದು ಎಂದು ಒಂದು ಕ್ಷಣ ಅನ್ನಿಸಿತು, ಅಷ್ಟರಲ್ಲಿ ಬಾಯಿಂದ ಹೊರಗೆ ಬಂದೇಬಿಟ್ಟಿತು:

“ಹಂಗಾರೆ ದಿನೇಶಮಾವ ಯೆಂತಕೆ ಕಪ್ಪಾಗ್ಲಿಲ್ಲ?”

ಗೆರಸಿಯ ಮೇಲೆ ಅಜ್ಜಿಯ ಕೈ ನಿಂತಿತು. ಒಳಗೆ ಚಾ ಉಕ್ಕಿ ಒಲೆಗೆ ಸುರಿಯಿತು, ಆಯಿ ಇಳಿಸಲಿಲ್ಲ. ಬೇರೆ ದಿನವಾಗಿದ್ದರೆ ದೊಡ್ಡವರ ನಡುವೆ ಬಾಯಿ ಹಾಕಿದ್ದಕ್ಕೆ ತಲೆಗೆ ಒಂದು ಬೀಳುತ್ತಿತ್ತು. ಆ ದಿನ ಯಾರೂ ನನ್ನನ್ನು ಗದರಲಿಲ್ಲ. ಚಿತ್ತಾಕುಲದಮ್ಮ ಬಾಯಲ್ಲಿದ್ದದ್ದನ್ನು ನುಂಗಿ, “ಆವಾಗಿನ ಕಾಲ ಬೇರೆ,” ಎಂದರು. ಯಾವ ಕಾಲ, ಹೇಗೆ ಬೇರೆ, ಅವರಿಗೇ ಗೊತ್ತಾಗಲಿಲ್ಲವೆಂದು ಕಾಣುತ್ತದೆ. ಸೆರಗಿನಿಂದ ತುಟಿ ಒರೆಸಿಕೊಂಡರು.

ಅತ್ತೆ ಎದ್ದು ಬಾಗಿಲವರೆಗೆ ಬಂದಿದ್ದಳು. ಬಾಗಿಲಪಟ್ಟಿ ಹಿಡಿದುಕೊಂಡೇ ಮೆಲ್ಲಗೆ ನೆಲಕ್ಕೆ ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗದ ಹಾಗೆ ಅವಳ ಹೆಗಲು ಕುಲುಕುತ್ತಿತ್ತು.

“ತಿಂದದ್ದು ನೀವು ನಂಗೆ ಹೇಳ್ಲೇ ಇಲ್ವಲ್ಲ ಅತ್ತೆ. ಈ ಹಣ್ಣಿನ ವಾಸ್ನೆ ಮೂಗಿಗೆ ಹೊಡ್ದು ಹೊಡ್ದು ನಂಗೆ ನಿದ್ದೆ ಬತ್ತಿರ್ಲಿಲ್ಲ. ಅಷ್ಟ್ ಆಸೆ ಆಗ್ತಿತ್ತು. ಸಾಯೂವಷ್ಟು ಆಸೆ ಆಗ್ತಿತ್ತು.”

ಅಜ್ಜಿ ಗೆರಸಿಯನ್ನೇ ಅವಳ ಮುಂದೆ ತಳ್ಳಿದಳು. ಆಯಿ ಗುಳಿಗೆ ಮತ್ತು ನೀರಿನ ಲೋಟ ತಂದು ಪಕ್ಕದಲ್ಲಿಟ್ಟಳು. ಅತ್ತೆ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ತನ್ನ ಅತ್ತೆಯನ್ನು ನೋಡಿದಳು.

“ಅಷ್ಟಾಗೂ ಕಪ್ಪೇ ಹುಟ್ಟಿದ್ರೆ?”

ಚಿತ್ತಾಕುಲದಮ್ಮ ಬಸ್ಸಿಗೆ ಹೊತ್ತಾಯಿತೆಂದು ಚಾ ಕೂಡ ಕುಡಿಯದೆ ಚೀಲ ಹುಡುಕಿದರು. ಅವರು ಹೆದ್ದಾರಿ ಮುಟ್ಟುವವರೆಗೂ ಅತ್ತೆ ಹಾಗೇ ಕೂತಿದ್ದಳು. ಗುಳಿಗೆಯ ಬಣ್ಣ ಬೆವರಿಗೆ ಕರಗಿ ಅಂಗೈಗೆ ಹತ್ತಿತು. ಕೊನೆಗೆ ಒಂದು ಕವಳಿ ಹಣ್ಣನ್ನು ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡದ್ದೇ ತಡ, ಅವಳ ಮುಖವೇ ಬದಲಾಯಿತು. ಆ ಹಣ್ಣು ಮುಗಿಯುವ ಮೊದಲೇ ಗುಳಿಗೆ ನುಂಗಿ, ಮೇಲಿಂದ ಇನ್ನೊಂದು ಹಣ್ಣು, ಮತ್ತೊಂದು. ಆಯಿ ಬಚ್ಚಲ ಬಾಗಿಲಿಗೆ ಅಡ್ಡ ನಿಂತಿದ್ದಳು. ಅತ್ತೆ ಆ ಕಡೆ ಹೋಗಲೇ ಇಲ್ಲ. ಗೆರಸಿ ಖಾಲಿ ಮಾಡಿ, ಕಪ್ಪು ನಾಲಿಗೆಯಿಂದ ತುಟಿ ನೆಕ್ಕಿಕೊಂಡು ನನ್ನ ಕಡೆ ನೋಡಿದಳು.

“ಹೋಗೆ ಮಾಲು, ಇನ್ನೊಂದ್ ಬುಟ್ಟಿ ತಾ.”

ತಪ್ಪಾಯಿತು ಎಂದು ಹೇಳಲಿಲ್ಲ, ಬುಟ್ಟಿ ತಾ ಎಂದಳು. ನಾನು ಅವಳನ್ನು ಕ್ಷಮಿಸಿರಲಿಲ್ಲ. ಆದರೂ ಬುಟ್ಟಿ ಎತ್ತಿಕೊಂಡು ಓಡಿದೆ.

ಅಲ್ಲಿಂದ ನಮಗೂ ಮೋಡಕ್ಕೂ ಪಂದ್ಯ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗುಡ್ಡಕ್ಕೆ ಹೋದೆವು. ಆಯಿ ಪೇಟೆಯಿಂದ ಬೇಗ ಬಂದು ಸೇರಿಕೊಳ್ಳುತ್ತಿದ್ದಳು. ಹತ್ತಿರದ ಪೊದೆ ಮುಗಿದ ಮೇಲೆ ಗುಡ್ಡದ ಆಚೆ ಬದಿಗೂ ಇಳಿದೆವು. ಅತ್ತೆ ಈಗ ಎಲ್ಲ ತಿನ್ನುತ್ತಿದ್ದಳು, ಕೆಂಪು ಗಂಜಿ, ಬಂಗಡೆ, ಚಿಪ್ಪಿನ ಮಾಂಸ. ಗುಳಿಗೆ ಮಾತ್ರ ಕವಳಿಯ ಜೊತೆಗೇ. ಆದರೆ ಕಳೆದ ದಿನಗಳು ಕಳೆದಿದ್ದವು. ಮೊದಲ ಮಳೆ ಬಂದು ಹಣ್ಣಿಗೆ ಹುಳ ಬಿದ್ದ ವಾರ ನರ್ಸಬಾಯಿ ಬಂದು ರೆಪ್ಪೆ ಎಳೆದು ನೋಡಿದರು. ಒಳಗೆ ತೆಳ್ಳಗೆ ಕೆಂಪು ಮೂಡಿತ್ತು.

“ಏರಿದೆ, ಸಾಕಾಗುವಷ್ಟಿಲ್ಲ. ಮನೇಲಿ ಹೆರಿಗೆ ಬೇಡವೇ ಬೇಡ. ನೋವು ಬಂದದ್ದೇ ಕಾರವಾರಕ್ಕೆ ಹೊರಡಿ.”

ನೋವು ಬಂದದ್ದು ಒಂದು ಮಳೆಯ ಬೆಳಿಗ್ಗೆ. ಮಳೆಗಾಲಕ್ಕೆ ಬೋಟು ಮೇಲೆಳೆದಿದ್ದರಿಂದ ಅಪ್ಪ ಮನೆಯಲ್ಲಿದ್ದ. ಟೆಂಪೋ ಹಿಡಿದು ಎಲ್ಲರೂ ಕಾರವಾರದ ಆಸ್ಪತ್ರೆಗೆ ಹೋದೆವು. ನನ್ನನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಹೊರಗಿನ ಬೆಂಚಿನ ಮೇಲೆ ಅಜ್ಜಿ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ಬೆರಳು ಮರಗಟ್ಟಿತು. ಮಗುವಿನ ಅಳು ಕೇಳಿಸಿತು. ಆದರೂ ಯಾರೂ ಹೊರಗೆ ಬರಲಿಲ್ಲ. ಆಮೇಲೆ ಬಂದ ಡಾಕ್ಟರು, ರಕ್ತ ನಿಲ್ಲುತ್ತಿಲ್ಲ, ರಕ್ತ ಕೊಡುವವರು ಯಾರು ಎಂದು ಕೇಳಿದರು. ಅಪ್ಪ ಅಂಗಿಯ ತೋಳು ಮಡಿಸುತ್ತಲೇ ಅವರ ಹಿಂದೆ ಹೋದ. ಅವನ ಗುಂಪು ಹೊಂದಿತು. ಆ ಹೊತ್ತು ನಾನು ಮನಸ್ಸಿನಲ್ಲಿ ಏನೇನು ಹರಕೆ ಹೊತ್ತೆನೋ ಲೆಕ್ಕವಿಲ್ಲ. ಆಯಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಬಹಳ ಹೊತ್ತಿನ ಮೇಲೆ ಒಳಗಿನ ನರ್ಸ್ ಬಂದು, “ತಡ್ಕಂಡ್ಲು. ಹಿಂದಿನ ತಿಂಗ್ಳ ರಕ್ತದ ಲೆಕ್ಕದಲ್ಲೇ ಇದ್ದಿದ್ರೆ ಕಷ್ಟ ಇತ್ತು,” ಎಂದಾಗ ಆಯಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಅತ್ತಳು. ಆಯಿ ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು.

ಹೆಣ್ಣು ಮಗು. ಬಟ್ಟೆ ಸರಿಸಿ ನೋಡಿದೆವು. ಕಪ್ಪು, ನಮ್ಮ ಮನೆಯ ಕಪ್ಪು, ಕಿವಿಯ ತುದಿಯವರೆಗೂ. ಅಜ್ಜಿ ಬಟ್ಟೆಯನ್ನು ಹಾಗೇ ಮುಚ್ಚಿದಳು. ದಿನೇಶಮಾವ ಬಂದು ಮಗುವಿನ ಕಾಲು ಮುಟ್ಟಿ ನೋಡಿ, ಔಷಧಿ ತರಲು ಹೋದ. ಚಿತ್ತಾಕುಲದಮ್ಮ ಮಾರನೆಯ ದಿನ ಬರುತ್ತಾರೆಂದು ಗೊತ್ತಿತ್ತು. ಅಜ್ಜಿ ಬೆಳಗಿನಿಂದ ಮಗುವಿನ ಮುಖಕ್ಕೆ ಪೌಡರು ಹಚ್ಚುವುದು, ಒರೆಸುವುದು, ಮತ್ತೆ ಹಚ್ಚುವುದು ಮಾಡುತ್ತಿದ್ದಳು. ಅತ್ತೆ ದಿಂಬಿಗೆ ಒರಗಿ ಕೂತು ನೋಡುತ್ತಿದ್ದವಳು, “ಸಾಕು ಬಿಡೆ ಆಯಿ,” ಎಂದು ಅಜ್ಜಿಯ ಕೈಯಿಂದ ಮಗುವನ್ನು ತೆಗೆದುಕೊಂಡು ತನ್ನ ಸೆರಗಿನಿಂದ ಪೌಡರು ಪೂರ್ತಿ ಒರೆಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಒದ್ದೆ ಕೊಡೆ ಹಿಡಿದ ಚಿತ್ತಾಕುಲದಮ್ಮ ಕಾಣಿಸಿಕೊಂಡರು. ಒಳಗೆ ಬರುವ ಮೊದಲೇ, ಹೊಸ್ತಿಲಲ್ಲೇ ಕೇಳಿದರು:

“ಬಣ್ಣ ಹೆಂಗದೆ?”

“ಕಪ್ಪು,” ಎಂದಳು ಅತ್ತೆ. “ನಾನೂ ಬದ್ಕಿದ್ದೇನೆ ಅತ್ತೆ. ನೀವು ಯೆರಡನ್ನೂ ಕೇಳೂಕೆ ಬಂದದ್ದೋ, ಒಂದನ್ನೇಯೋ?”

ಸೊಸೆಯಾದವಳು ಅತ್ತೆಗೆ ಹೀಗೆ ಕೇಳಿದ್ದನ್ನು ನಾವ್ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಅದಕ್ಕೇ ಇರಬೇಕು, ಅದನ್ನು ತಿರುಗಿಸಿ ಹೊಡೆಯಲು ಯಾರಿಗೂ ಆಗುವಂತಿರಲಿಲ್ಲ. ಚಿತ್ತಾಕುಲದಮ್ಮ ಬಾಗಿಲಲ್ಲೇ ನಿಂತರು. ಕೊಡೆಯ ನೀರು ಅವರ ಕಾಲ ಬಳಿ ಇಳಿಯುತ್ತಿತ್ತು. ವಾಪಸು ಹೊರಟೇಬಿಡುತ್ತಾರೆ ಎಂದುಕೊಂಡೆ. ಕೊಡೆಯನ್ನು ಮಡಚಿ ಮೂಲೆಗಿಟ್ಟರು. ಮಗುವಿನ ಕಡೆ ಹೋಗದೆ, ಅತ್ತೆಯ ತಲೆಯ ಹತ್ತಿರದ ಸ್ಟೂಲಿನ ಮೇಲೆ ಬಂದು ಕೂತರು.

“ನೀ ಹೆಂಗಿದ್ದೆ ಶೋಭಾ?”

“ಈಗ ಕೇಳ್ದ್ರಲ್ಲ,” ಎಂದಳು ಅತ್ತೆ. “ಈಗ ಮಗೂನ ಎತ್ಕಣಿ.”